ಸೂರ್ಯನನ್ನೇ ಕಾಣದ ಸೂರ್ಯವಂಶಿ

ಜುಲೈ ಮೂರನೆಯ ವಾರ, ಬೆಳಗಿನ ಎರಡನೆಯ ಪೀರಿಯಡ್ಡಿನಲ್ಲಿ ನಾನು ಜೀವಕೋಶದ ಪಾಠ ಮಾಡುತ್ತಿದ್ದೆ. ಹೊರಗೆ ಚಿಕ್ಕಮಗಳೂರಿನ ಮಳೆ, ಒಳಗೆ ಪ್ರೊಜೆಕ್ಟರಿಗಾಗಿ ಎಳೆದ ನೀಲಿ ಪರದೆಗಳು. ಹಿಂದಿನಿಂದ ಎರಡನೆಯ ಬೆಂಚಿನ ಹುಡುಗ ನೋಟ್ಸ್ ಬರೆಯುತ್ತಿದ್ದವನು ಬರೆಯುತ್ತಲೇ ನಿದ್ದೆಗೆ ಜಾರಿದ. ಪೆನ್ನು ಹಾಳೆಯ ಮೇಲೆ ಓರೆಯಾಗಿ ಒಂದು ಗೆರೆ ಎಳೆದು ನೆಲಕ್ಕೆ ಬಿತ್ತು. ಪಾಠ ಬೇಸರವಾಗಿ ಮಲಗುವವರನ್ನು ನಾನು ಬಲ್ಲೆ. ಅವರು ಗೋಡೆಗೆ ಒರಗುತ್ತಾರೆ, ಮುಂದಿನವನ ಬೆನ್ನನ್ನು ಮರೆಮಾಡಿಕೊಳ್ಳುತ್ತಾರೆ, ಒಂದಿಷ್ಟು ಏರ್ಪಾಡು ಮಾಡಿಕೊಂಡೇ ಮಲಗುತ್ತಾರೆ. ಈ ಹುಡುಗ ಎಚ್ಚರವಾಗಿರಲು ಹೋರಾಡಿ ಸೋತಿದ್ದ. ಆ ಹಾಳೆಯನ್ನು ಕೇಳಿ ಪಡೆದುಕೊಂಡು ಇಟ್ಟುಕೊಂಡೆ. ಈ ಪ್ರಕರಣದ ಮೊದಲ ದಾಖಲೆ ಅದೇ.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಉಪನ್ಯಾಸಕಿ, ವೈದ್ಯೆಯಲ್ಲ. ವಿದ್ಯಾರ್ಥಿಗಳ ಕಷ್ಟಸುಖ ಕೇಳುವ ಕೆಲಸವೂ ನನ್ನ ಪಾಲಿಗೆ ಬಂದಿರುವುದರಿಂದ ಇಂಥವು ನನ್ನ ಮೇಜಿಗೆ ಬರುತ್ತವೆ. ಹುಡುಗನ ಮತ್ತು ಅವನ ಹೆತ್ತವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವನ ಹೆಸರು ಇಲ್ಲಿ ಬೇಡ.

ಮನೆಯವರು ಹೇಳಿದ್ದು

ವಯಸ್ಸು ಹದಿನಾರು, ಪ್ರಥಮ ಪಿಯು ವಿಜ್ಞಾನ. ತಂದೆ ಆಲ್ದೂರಿನ ಆಚೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಎಸ್‌ಎಸ್‌ಎಲ್‌ಸಿವರೆಗೆ ಹುಡುಗ ಅಲ್ಲಿಂದಲೇ ಶಾಲೆಗೆ ಹೋಗುತ್ತಿದ್ದ. ಜೂನ್‌ನಿಂದ ಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾನೆ.

ಫೋನು ಮಾಡಿದಾಗ ತಂದೆ ನನಗೆ ಮಾತನಾಡಲು ಬಿಡಲೇ ಇಲ್ಲ. "ಮೇಡಂ, ಎಲ್ಲಾ ಆ ಮೊಬೈಲಿನಿಂದ. ತೋಟದಲ್ಲಿದ್ದಾಗ ಗಂಟೆ ಹೊಡೆಯುವ ಮೊದಲೇ ಏಳುತ್ತಿದ್ದ ಹುಡುಗ. ಪೇಟೆ ಸೇರಿ ಎರಡು ತಿಂಗಳಾಗಿಲ್ಲ, ಸೂರ್ಯವಂಶದವನಾಗಿದ್ದಾನೆ." ಮೊಬೈಲು ಕಿತ್ತುಕೊಳ್ಳಲು ನನ್ನ ಅನುಮತಿ ಬೇಕಿತ್ತು ಅವರಿಗೆ. ಸೂರ್ಯವಂಶ ಎಂಬ ಮಾತು ಕೇಳಿ ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಹತ್ತು ವರ್ಷದ ಹಿಂದೆ ನನ್ನ ಮಗನನ್ನು ನಾನು ದಿನಾ ಬೆಳಿಗ್ಗೆ ಬೈಯುತ್ತಿದ್ದದ್ದೂ ಇದೇ ಮಾತಿನಲ್ಲಿ.

ಚಿಕ್ಕಪ್ಪನ ವಿವರಣೆ ಬೇರೆ: ಶಿಸ್ತಿಲ್ಲ. ಅವರು ಜುಲೈ ಆರಂಭದಲ್ಲೇ ಚಿಕಿತ್ಸೆಯನ್ನೂ ಶುರುಮಾಡಿದ್ದರು. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಎಂದು ನಾಲ್ಕೂವರೆಗೆ ಎಬ್ಬಿಸಿ, ಟ್ಯೂಬ್‌ಲೈಟು ಹಾಕಿ, ಮೇಜಿನ ಮುಂದೆ ಕೂರಿಸುತ್ತಿದ್ದರು. ಆರೂವರೆಗೆ ಗಣಿತದ ಟ್ಯೂಷನ್. ಒಂಬತ್ತೂವರೆಗೆ ಕಾಲೇಜು. ಎರಡು ವಾರ ಹೀಗೆ ನಡೆದ ಮೇಲೆ ಹುಡುಗ ರಾತ್ರಿ ಇನ್ನೂ ತಡವಾಗಿ ಮಲಗತೊಡಗಿದ. ಅದನ್ನು ಅವರು ಹಟ ಎಂದು ತಿಳಿದರು.

ಹುಡುಗನನ್ನು ಕೇಳಿದೆ. "ಮೇಡಂ, ಹತ್ತು ಗಂಟೆಗೆ ದೀಪ ಆರಿಸಿ ಮಲಗಿ ನೋಡಿದ್ದೇನೆ. ಸುಮ್ಮನೆ ಮೇಲೆ ನೋಡಿಕೊಂಡಿರುತ್ತೇನೆ. ಒಂದೂವರೆ ಆಗುತ್ತದೆ. ಅದಕ್ಕೇ ಮೊಬೈಲು ತೆಗೆದುಕೊಳ್ಳುವುದು." ಮೊಬೈಲಿನಿಂದ ನಿದ್ದೆ ಹೋಯಿತೋ, ನಿದ್ದೆ ಬಾರದ್ದಕ್ಕೆ ಮೊಬೈಲು ಬಂತೋ ಎಂದು ಆವರೆಗೆ ಯಾರೂ ಅವನನ್ನು ಕೇಳಿರಲಿಲ್ಲ.

ಬೇರೆ ಕಾರಣಗಳನ್ನು ಮೊದಲು ನೋಡಬೇಕಿತ್ತು. ಮನೆ ಬಿಟ್ಟು ಬಂದ ದುಃಖ, ರ್‍ಯಾಗಿಂಗ್, ಪ್ರೇಮ, ಫೇಲಾಗುವ ಭಯ ಎಲ್ಲವನ್ನೂ ಕೇಳಿದೆ. ಬದುಕು ಸಾಕು ಎನಿಸುತ್ತದೆಯೇ ಎಂದೂ ನೇರವಾಗಿಯೇ ಕೇಳಿದೆ. ಈ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳುವುದರಿಂದ ಪ್ರಯೋಜನವಿಲ್ಲ. ಇಲ್ಲ ಎಂದ. ಊಟ ಸರಿಯಿತ್ತು, ಗೆಳೆಯರಿದ್ದರು, ಭಾನುವಾರ ಕ್ರಿಕೆಟ್ ಆಡುವ ಆಸೆಯಿತ್ತು, ಆದರೆ ಆ ಹೊತ್ತಿಗೆ ಎಚ್ಚರವಾಗುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿದೆವು. ಗೊರಕೆಯಿಲ್ಲ, ಕಾಲು ಸೆಳೆತವಿಲ್ಲ, ರಕ್ತಹೀನತೆಯಿಲ್ಲ. ಔಷಧಿ ಅಂಗಡಿಯಿಂದ ನಿದ್ದೆಗೆಂದು ಮೆಲಟೋನಿನ್ ಮಾತ್ರೆ ತಂದುಕೊಡಲೇ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ ವೈದ್ಯರು ಬೇಡ, ಮೊದಲು ದಿನಚರಿ ನೋಡೋಣ ಎಂದರು.

ಹತ್ತು ದಿನದ ಪುಸ್ತಕ

ಒಂದು ನಲವತ್ತು ಪುಟದ ನೋಟ್‌ಬುಕ್ ಕೊಟ್ಟು, ಮಲಗಿದ್ದು, ನಿದ್ದೆ ಬಂದಿದ್ದು ಅಂದಾಜಿಗೆ, ಎದ್ದಿದ್ದು, ನಡುವೆ ಮಲಗಿದ್ದು, ಕಾಫಿ, ಆಕಾಶದ ಕೆಳಗೆ ಕಳೆದ ನಿಮಿಷ, ಇಷ್ಟನ್ನು ಬರೆದಿಡಲು ಹೇಳಿದೆ. ಕೊನೆಯದನ್ನು ಕೇಳಿ ಅವನು ನನ್ನ ಮುಖ ನೋಡಿದ. ಬರೆದ ಎನ್ನುವುದು ಮುಖ್ಯ. ಒಂದು ದಿನದ ನಮೂದು ಹೀಗಿದೆ:

"ಮಂಗಳವಾರ. 11.15ಕ್ಕೆ ಮಲಗಿದೆ, ನಿದ್ದೆ 2 ಗಂಟೆ ಸುಮಾರು. ಚಿಕ್ಕಪ್ಪ 4.30. ಮೇಜಿನ ಮೇಲೆ ಮಲಗಿದ್ದು ಗೊತ್ತಿಲ್ಲ. ಟ್ಯೂಷನ್‌ನಲ್ಲಿ ಇಂಟಿಗ್ರೇಷನ್ ಶುರುವಾಗಿದ್ದು ಮಾತ್ರ ಗೊತ್ತು. ಸಂಜೆ 4.45ರಿಂದ 6.30 ನಿದ್ದೆ, ಚಿಕ್ಕಮ್ಮ ಎಬ್ಬಿಸಿದರು. ಕಾಫಿ 3. ಆಕಾಶ: ಆಟೊ ಹತ್ತುವಾಗ ಇಳಿಯುವಾಗ, 11 ನಿಮಿಷ, ಕೊಡೆ."

ವಾರದ ದಿನಗಳಲ್ಲಿ ನಿದ್ದೆ ಹತ್ತುತ್ತಿದ್ದುದು ಸರಾಸರಿ ರಾತ್ರಿ 1.50ಕ್ಕೆ. ಭಾನುವಾರ ಎದ್ದಿದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಆಕಾಶದ ಕೆಳಗೆ ಕಳೆದ ಹೊತ್ತು ಒಂದು ದಿನವೂ ಇಪ್ಪತ್ತು ನಿಮಿಷ ಮುಟ್ಟಿರಲಿಲ್ಲ, ಅದೂ ಕೊಡೆಯ ಅಡಿಯಲ್ಲಿ.

ಆ ನಡುವೆ ಮಲೆನಾಡಿನ ಮಕ್ಕಳಿಗೆ ಮಾತ್ರ ಗೊತ್ತಿರುವ ಒಂದು ಭಾಗ್ಯ ಒದಗಿತು. ಸತತ ಮಳೆಗೆ ಮೂರು ದಿನ ರಜೆ ಘೋಷಣೆಯಾಯಿತು. ಟ್ಯೂಷನ್ನೂ ಇಲ್ಲ, ಚಿಕ್ಕಪ್ಪನ ಮುಹೂರ್ತವೂ ಇಲ್ಲ. ಮೊದಲ ದಿನ ಸಾಲ ತೀರಿಸುವವನಂತೆ ಮಧ್ಯಾಹ್ನದವರೆಗೆ ಮಲಗಿದ. ಮೂರನೆಯ ದಿನ ಯಾರೂ ಎಬ್ಬಿಸದೆ ತಾನಾಗಿ ಎಚ್ಚರಾದದ್ದು ಒಂಬತ್ತೂವರೆಗೆ. ಹಿಂದಿನ ರಾತ್ರಿ ನಿದ್ದೆ ಬಂದದ್ದು ಎರಡು ಗಂಟೆಗೆ. ಏಳೂವರೆ ಗಂಟೆಯ ಅಖಂಡ ನಿದ್ದೆ, ಎದ್ದಾಗ ತಲೆ ಹಗುರ. ಈ ಒಂದು ನಮೂದು ನನಗೆ ಉಳಿದ ಒಂಬತ್ತಕ್ಕಿಂತ ಹೆಚ್ಚು ಹೇಳಿತು. ಹುಡುಗನಿಗೆ ನಿದ್ದೆ ಮಾಡಲು ಬರುತ್ತಿತ್ತು. ಅವನ ನಿದ್ದೆಯ ಹೊತ್ತು ಮಾತ್ರ ಇಡಿಯಾಗಿ ಮುಂದಕ್ಕೆ ಸರಿದಿತ್ತು.

ಕೋಣೆ

ಶನಿವಾರ ಮಧ್ಯಾಹ್ನ ಭೌತಶಾಸ್ತ್ರ ಪ್ರಯೋಗಾಲಯದ ಲಕ್ಸ್ ಮೀಟರನ್ನು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ಬೆಳಕನ್ನು ಅಳೆಯುವ ಚಿಕ್ಕ ಪೆಟ್ಟಿಗೆ ಅದು. ಮೇಜಿನ ಮೇಲೆ ಬೀಳುವ ಬೆಳಕಿಗಿಂತ ಕಣ್ಣಿಗೆ ಬೀಳುವ ಬೆಳಕು ಮುಖ್ಯವಾದ್ದರಿಂದ, ಹುಡುಗನನ್ನು ಅವನು ಕೂರುವಲ್ಲೇ ಕೂರಿಸಿ, ಮೀಟರನ್ನು ಅವನ ಹಣೆಯ ಪಕ್ಕ ಹಿಡಿದು ಅಳೆದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಇದ್ಯಾವ ಶಾಸ್ತ್ರ ಎಂಬಂತೆ ನೋಡುತ್ತಿದ್ದರು.

ಒಳ್ಳೆಯ ಮನೆ. ಹುಡುಗನಿಗೆಂದು ಪ್ರತ್ಯೇಕ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಮೊದಲು ಅದು ಸಾಮಾನು ಇಡುವ ಕೋಣೆ. ಕಿಟಕಿಯಿದೆ, ಆದರೆ ಅದು ತೆರೆಯುವುದು ಎರಡು ಮನೆಗಳ ನಡುವಿನ ಸಂದಿಗೆ, ಎದುರಿಗೆ ಪಾಚಿ ಹಿಡಿದ ಗೋಡೆ. ಹಗಲು ಎರಡು ಗಂಟೆಗೆ ದೀಪ ಆರಿಸಿದಾಗ 14 ಲಕ್ಸ್. ಟ್ಯೂಬ್‌ಲೈಟ್ ಹಾಕಿದರೆ 85. ಅದೇ ಹೊತ್ತಿಗೆ ಮುಂಬಾಗಿಲ ಜಗಲಿಯಲ್ಲಿ 900. ಗೇಟಿನ ಹೊರಗೆ, ತುಂತುರು ಮಳೆಯಲ್ಲಿ, ಮೋಡ ಕವಿದ ಆಕಾಶದ ಕೆಳಗೆ 6,200. ಮಳೆಗಾಲದ ಮಂಕು ದಿನ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದೂ ಆ ಕೋಣೆಯ ದೀಪಕ್ಕಿಂತ ಎಪ್ಪತ್ತು ಪಟ್ಟು ಬೆಳಕು. ಬರಿಗಣ್ಣಿಗೆ ಇದು ಗೊತ್ತಾಗುವುದೇ ಇಲ್ಲ, ಕಣ್ಣು ಎಲ್ಲದಕ್ಕೂ ಹೊಂದಿಕೊಂಡು ಎರಡನ್ನೂ "ಬೆಳಕು" ಎಂದು ವರದಿ ಮಾಡುತ್ತದೆ. ಸೋಮವಾರ ನನ್ನದೇ ತರಗತಿಯಲ್ಲಿ ಅವನ ಬೆಂಚಿನಲ್ಲಿ ಕೂತು ಅಳೆದೆ: ಪರದೆ ಎಳೆದಾಗ 60, ಸರಿಸಿದಾಗ 340. ಪರದೆ ಎಳೆಸಿದವಳು ನಾನೇ.

ಇನ್ನು ರಾತ್ರಿ. ತಂದೆಯ ಆರೋಪಿ ಮೊಬೈಲು. ದೀಪ ಆರಿಸಿ, ಒಂದಡಿ ದೂರದಲ್ಲಿ, ಪೂರ್ತಿ ಹೊಳಪಿನಲ್ಲಿ ಹಿಡಿದಾಗ ಕಣ್ಣಿನ ಬಳಿ 35 ಲಕ್ಸ್. ಓದಲೆಂದು ತಂದೆಯೇ ಪ್ರೀತಿಯಿಂದ ಕೊಡಿಸಿದ ಅಚ್ಚಬಿಳಿಯ ಎಲ್‌ಇಡಿ ಮೇಜುದೀಪ, ಸುಣ್ಣ ಬಳಿದ ಗೋಡೆಗೆ ಬಡಿದು ಹಿಂದಿರುಗುವ ಬೆಳಕೂ ಸೇರಿ, 160. ಅದರ ಕೆಳಗೆ ರಾತ್ರಿ ಒಂಬತ್ತರಿಂದ ಹನ್ನೊಂದು. ಅಂದರೆ ಈ ಹುಡುಗನ ಇಪ್ಪತ್ನಾಲ್ಕು ಗಂಟೆಯಲ್ಲಿ ಕಣ್ಣಿಗೆ ದೀರ್ಘಕಾಲ ಬೀಳುತ್ತಿದ್ದ ಬೆಳಕುಗಳ ಪೈಕಿ ಪ್ರಖರವಾದವುಗಳಲ್ಲೊಂದು ರಾತ್ರಿ ಹತ್ತು ಗಂಟೆಯದು. ಮೊಬೈಲು ನಿರಪರಾಧಿ ಎನ್ನುತ್ತಿಲ್ಲ. ಅದರಲ್ಲಿ ಬರುವ ಸರಕು ಮನಸ್ಸನ್ನು ಎಬ್ಬಿಸಿಡುತ್ತದೆ. ಆದರೆ ಬೆಳಕಿನ ಲೆಕ್ಕದಲ್ಲಿ ಇಡೀ ಮನೆ ಹೊಗಳುತ್ತಿದ್ದ ಮೇಜುದೀಪದ ಪಾಲು ದೊಡ್ಡದು.

ಅಳತೆ ಮುಗಿಯುವ ಹೊತ್ತಿಗೆ ಚಿಕ್ಕಮ್ಮ ಲೋಟ ಹಿಡಿದು ಬಂದರು. ಗಟ್ಟಿ ಡಿಕಾಕ್ಷನ್ನಿನ ಕಾಫಿ. "ಪಾಪ, ರಾತ್ರಿ ಹತ್ತಕ್ಕೂ ಒಂದು ಲೋಟ ಮಾಡಿ ಕೊಡುತ್ತೇನೆ ಮೇಡಂ, ಓದುವ ಹುಡುಗ." ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಹತ್ತು ಗಂಟೆಯ ಲೋಟದ ಅರ್ಧ ಬೆಳಗಿನ ಜಾವ ಮೂರಕ್ಕೂ ರಕ್ತದಲ್ಲಿರುತ್ತದೆ. ಕಾಫಿಯ ನಾಡಿನಲ್ಲಿ, ಕಾಫಿ ತೋಟದ ಹುಡುಗನಿಗೆ, ಕಾಫಿ ಬೇಡ ಎನ್ನುವ ಧೈರ್ಯ ಆ ದಿನ ನನಗಾಗಲಿಲ್ಲ. ನಾನೂ ಕುಡಿದು ಬಂದೆ.

ನಾನು ಅರ್ಥಮಾಡಿಕೊಂಡ ಬಗೆ

ಕಣ್ಣಿನ ಅಕ್ಷಿಪಟದಲ್ಲಿ ನೋಡುವ ಕೆಲಸಕ್ಕೆ ಕೋಲು ಮತ್ತು ಶಂಕು ಕೋಶಗಳಿವೆ ಎಂದು ನಾನು ಬಹಳ ವರ್ಷ ಪಾಠ ಮಾಡಿದೆ, ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಮೂರನೆಯ ಬಗೆಯ ಕೋಶಗಳೂ ಇವೆ. ಮೆಲನಾಪ್ಸಿನ್ ಎಂಬ ವರ್ಣಕವಿರುವ ಈ ನರಕೋಶಗಳು ತಾವೇ ಬೆಳಕಿಗೆ ಸ್ಪಂದಿಸುತ್ತವೆ ಎಂದು 2002ರಲ್ಲಿ ಸ್ಪಷ್ಟವಾಯಿತು. ಚಿತ್ರ ಕಾಣಿಸುವುದು ಇವುಗಳ ಮುಖ್ಯ ಕೆಲಸವಲ್ಲ; ಈಗ ಹಗಲೋ ಇರುಳೋ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಸುಮಾರು 480 ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಸುದ್ದಿ ತಲುಪುವುದು ಹೈಪೋಥಲಾಮಸ್‌ನಲ್ಲಿ, ಎರಡು ದೃಷ್ಟಿನರಗಳು ಕೂಡುವ ಜಾಗದ ಮೇಲೆಯೇ ಕುಳಿತ ಪುಟ್ಟ ನರಕೋಶಗಳ ಗುಂಪಿಗೆ. ನಮ್ಮ ಯಜಮಾನ ಗಡಿಯಾರ ಅದು.

ಆ ಗಡಿಯಾರ ಸ್ವಲ್ಪ ನಿಧಾನ. ಮನುಷ್ಯರಲ್ಲಿ ಅದರ ಒಂದು ಸುತ್ತು ಸರಾಸರಿ 24 ಗಂಟೆ 10 ನಿಮಿಷದ ಆಸುಪಾಸು. ದಿನಾ ಬೆಳಗಿನ ಬೆಳಕು ಅದನ್ನು ಅಷ್ಟು ಹಿಂದಕ್ಕೆ ಎಳೆದು ಸೂರ್ಯನಿಗೆ ಸರಿಹೊಂದಿಸುತ್ತದೆ. ಎಳೆಯುವ ಕೈ ಇಲ್ಲದಿದ್ದರೆ ನಿದ್ದೆ ದಿನದಿಂದ ದಿನಕ್ಕೆ ತಡವಾಗುತ್ತಾ ಹೋಗುತ್ತದೆ. ಹರೆಯದಲ್ಲಿ ಇದರ ಮೇಲೆ ಇನ್ನೊಂದು ಹೊರೆ. ಅಮೆರಿಕದ ನಿದ್ರಾ ಸಂಶೋಧಕಿ ಮೇರಿ ಕಾರ್ಸ್ಕಡನ್ ದಶಕಗಳ ಕಾಲ ತೋರಿಸುತ್ತಾ ಬಂದಂತೆ, ಪ್ರಾಯಕ್ಕೆ ಬರುವಾಗ ಗಡಿಯಾರವೇ ತಡದ ಕಡೆಗೆ ವಾಲುತ್ತದೆ. ಎಚ್ಚರವಿದ್ದಷ್ಟೂ ಏರುವ ನಿದ್ದೆಯ ಒತ್ತಡವೂ ದೊಡ್ಡ ಹುಡುಗರಲ್ಲಿ ನಿಧಾನವಾಗಿ ಏರುತ್ತದೆ. ಬೇಕಾದ ನಿದ್ದೆ ಮಾತ್ರ ಕಡಿಮೆಯಾಗುವುದಿಲ್ಲ: 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ. ಹತ್ತಕ್ಕೆ ಮಲಗು ಎಂದರೆ ಮಲಗಲಾಗದಿರುವುದು ಈ ವಯಸ್ಸಿನಲ್ಲಿ ಸಹಜ, ಎರಡರವರೆಗೆ ಹೋಗುವುದು ಅಲ್ಲ. ಸಹಜದ ಮೇಲೆ ಆ ಕತ್ತಲ ಕೋಣೆ, ಮೇಜುದೀಪ, ಸಂಜೆಯ ನಿದ್ದೆ, ಹತ್ತು ಗಂಟೆಯ ಕಾಫಿ ಪೇರಿಸಿಕೊಂಡಿದ್ದವು.

ಇನ್ನು ಚಿಕ್ಕಪ್ಪನ ಬ್ರಾಹ್ಮೀ ಮುಹೂರ್ತ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಒಳ್ಳೆಯ ಉದ್ದೇಶ ಹೇಗೆ ತಿರುಗಿ ಹೊಡೆಯುತ್ತದೆ ಎಂಬುದು ಇಲ್ಲೇ ಇದೆ. ಬೆಳಕು ಯಾವಾಗ ಬಿದ್ದರೂ ಗಡಿಯಾರವನ್ನು ಒಂದೇ ದಿಕ್ಕಿಗೆ ತಳ್ಳುವುದಿಲ್ಲ. ರಾತ್ರಿಯಲ್ಲಿ ದೇಹದ ಉಷ್ಣತೆ ಅತಿ ಕೆಳಕ್ಕಿಳಿಯುವ ಒಂದು ಘಳಿಗೆಯಿದೆ, ತಾನಾಗಿ ಎಚ್ಚರವಾಗುವ ಹೊತ್ತಿಗೆ ಸುಮಾರು ಎರಡು ಗಂಟೆ ಮೊದಲು. ಆ ಘಳಿಗೆಯ ನಂತರ ಬಿದ್ದ ಬೆಳಕು ನಿದ್ದೆಯನ್ನು ಬೇಗದ ಕಡೆಗೆ ತರುತ್ತದೆ. ಮೊದಲು ಬಿದ್ದದ್ದು ತಡದ ಕಡೆಗೆ ನೂಕುತ್ತದೆ. ಹತ್ತಕ್ಕೆ ಮಲಗಿ ಐದೂವರೆಗೆ ತಾನಾಗಿ ಏಳುವ ಚಿಕ್ಕಪ್ಪನಿಗೆ ನಾಲ್ಕೂವರೆ ನಿಜವಾಗಿಯೂ ಮುಂಜಾವು. ತಾನಾಗಿ ಒಂಬತ್ತೂವರೆಗೆ ಏಳುವ ಹುಡುಗನಿಗೆ ಆ ಘಳಿಗೆ ಬರುವುದು ಏಳೂವರೆಯ ಸುಮಾರಿಗೆ, ನಾಲ್ಕೂವರೆ ಎಂದರೆ ಅವನ ದೇಹದ ನಡುರಾತ್ರಿ. ಆ ನಡುರಾತ್ರಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದರೆ ಗಡಿಯಾರ ಅದನ್ನು ಮುಗಿಯದ ಸಂಜೆ ಎಂದು ಓದಿಕೊಂಡಿತು. ಉಷ್ಣತೆಯನ್ನು ನಾನು ಅಳೆಯಲಿಲ್ಲ, ಇದು ಮಳೆ ರಜೆಯ ಲೆಕ್ಕದಿಂದ ಕಟ್ಟಿದ ಊಹೆ. ಆದರೆ ಜೂನ್ ಕೊನೆಯಲ್ಲಿ ರಾತ್ರಿ ಒಂದಕ್ಕೆ ಮೊದಲೇ ಬರುತ್ತಿದ್ದ ನಿದ್ದೆ ಜುಲೈ ನಡುವಿಗೆ ಎರಡಕ್ಕೆ ಹೋದದ್ದಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ನನಗೆ ಸಿಗಲಿಲ್ಲ.

ಗೋಡೆ ಗಡಿಯಾರದ ವಿಷಯವೂ ಇದೆ. ಭಾರತದ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಚಿಕ್ಕಮಗಳೂರು 76 ಡಿಗ್ರಿಗೂ ಸ್ವಲ್ಪ ಪಶ್ಚಿಮಕ್ಕಿದೆ. ಸೂರ್ಯನ ಲೆಕ್ಕದಲ್ಲಿ ನಮ್ಮ ಊರು ಕೈಗಡಿಯಾರಕ್ಕಿಂತ ಸುಮಾರು 27 ನಿಮಿಷ ಹಿಂದೆ. ಆರೂವರೆಯ ಟ್ಯೂಷನ್ ಎಂದರೆ ಸೂರ್ಯನಿಗೆ ಆರು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆಗೆ ಐದಾರು ನಿಮಿಷವಷ್ಟೇ ಬಾಕಿ. ಪ್ರೌಢಶಾಲೆಗಳು ಎಂಟೂವರೆಗಿಂತ ಮೊದಲು ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಹೇಳಿತು, ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಕಾನೂನೇ ಆಗಿದೆ. ಇಲ್ಲಿ ಕಾಲೇಜಿನ ಹೊತ್ತಿನಲ್ಲಿ ತಪ್ಪಿಲ್ಲ. ಅದರ ಎರಡೂ ಬದಿಗೆ ಅಂಟಿಕೊಂಡ ಟ್ಯೂಷನ್ ಹಗಲನ್ನೆಲ್ಲ ತಿಂದುಹಾಕುತ್ತದೆ.

ನಿದ್ದೆ ಹೀಗೆ ತಡವಾಗಿ ನೆಲೆಗೊಳ್ಳುವುದನ್ನು ಕಾಯಿಲೆಯೆಂದೇ 1981ರಿಂದ ಗುರುತಿಸಲಾಗಿದೆ. ಆ ಹೆಸರು ಕೊಡಲು ತೊಂದರೆ ಕನಿಷ್ಠ ಮೂರು ತಿಂಗಳಿನಿಂದ ಇರಬೇಕು. ಇವನಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಹೆಸರು ಅಂಟಿಸದೆ ಬಿಟ್ಟೆವು, ವೈದ್ಯರೂ ಅದನ್ನೇ ಬಯಸಿದರು.

ಮಾಡಿದ್ದು

ಮೊದಲ ಜಗಳ ಟ್ಯೂಷನ್ ಕುರಿತು. ಮೂರು ವಾರ ಬೆಳಗಿನ ಟ್ಯೂಷನ್ ಬಿಡಿಸಬೇಕು ಎಂದಾಗ ತಂದೆ, "ವರ್ಷದ ಫೀಸು ಕಟ್ಟಿದೆ ಮೇಡಂ" ಎಂದರು. ಫೀಸು ಕಟ್ಟಿದ ಟ್ಯೂಷನ್ನಿನಲ್ಲಿ ಮಗ ಮಲಗಿರುತ್ತಾನೆ ಎಂದು ನೋಟ್‌ಬುಕ್ ತೋರಿಸಿದೆ. ಗಣಿತದ ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಸಂಜೆಯ ತಂಡಕ್ಕೆ ಹಾಕಿಕೊಂಡರು. ಎರಡನೆಯದು ಚಿಕ್ಕಪ್ಪನೊಂದಿಗೆ. ಅವರು ವಾದಿಸಲಿಲ್ಲ, ಬೇಸರ ಮಾಡಿಕೊಂಡರು, ಅದು ಹೆಚ್ಚು ಕಷ್ಟವಾಯಿತು. ಮುಹೂರ್ತ ಸುಳ್ಳಲ್ಲ, ಹುಡುಗನ ದೇಹದಲ್ಲಿ ಅದು ಇನ್ನೂ ಬಂದಿಲ್ಲ, ಬರುವ ಹಾಗೆ ಮಾಡೋಣ ಎಂದೆ. ಈ ಮಾತು ಅವರಿಗೆ ಹಿಡಿಸಿತು.

ಆಗಸ್ಟ್ ಮೊದಲ ಸೋಮವಾರದಿಂದ ಎಬ್ಬಿಸುವ ಹೊತ್ತು ಎಂಟು. ಭಾನುವಾರವೂ ಎಂಟೇ. ಎದ್ದು ಹತ್ತು ನಿಮಿಷದಲ್ಲಿ ಮನೆಯಿಂದ ಹೊರಗೆ. ಆಟೊ ಬಿಟ್ಟು ಬಸವನಹಳ್ಳಿ ಕೆರೆಯ ಕಡೆಯಿಂದ ಬಳಸಿಕೊಂಡು ಕಾಲೇಜಿಗೆ ನಡಿಗೆ, ನಲವತ್ತು ನಿಮಿಷ, ತಿಂಡಿ ಡಬ್ಬಿಯಲ್ಲಿ. ನಾಲ್ಕೈದು ದಿನಕ್ಕೊಮ್ಮೆ ಏಳುವ ಹೊತ್ತು ಅರ್ಧ ಗಂಟೆ ಹಿಂದಕ್ಕೆ, ಮುಂದೆ ಅದು ಕಾಲು ಗಂಟೆಯಾಯಿತು. ಊಟದ ಬಿಡುವಿನಲ್ಲಿ ತರಗತಿಯೊಳಗೆ ಕೂರದೆ ಮೈದಾನದ ಬದಿಯ ಕಟ್ಟೆಯಲ್ಲಿ ಊಟ. ಸಂಜೆಯ ನಿದ್ದೆ ಇಪ್ಪತ್ತು ನಿಮಿಷ ಮೀರಬಾರದು, ಐದರ ನಂತರ ಬೇಡ. ಮೇಜುದೀಪಕ್ಕೆ ಹಳದಿ ಬೆಳಕಿನ ಕಡಿಮೆ ವ್ಯಾಟಿನ ಬಲ್ಬು, ಗೋಡೆಗೆ ಮುಖ ಮಾಡಿದ್ದ ಮೇಜು ಬಾಗಿಲ ಕಡೆಗೆ. ಮೊಬೈಲು ಕಿತ್ತುಕೊಳ್ಳಲಿಲ್ಲ, ಹನ್ನೊಂದಕ್ಕೆ ಅವನೇ ಹಾಲ್‌ನಲ್ಲಿಡಬೇಕು. ಕಾಫಿ ಮಧ್ಯಾಹ್ನ ಎರಡಕ್ಕೆ ಕೊನೆ. ಹತ್ತು ಗಂಟೆಗೆ ಚಿಕ್ಕಮ್ಮ ಹಾಲು ಕೊಡತೊಡಗಿದರು, ಏನಾದರೂ ಕೊಡದಿದ್ದರೆ ಅವರಿಗೇ ನಿದ್ದೆ ಬರುವಂತಿರಲಿಲ್ಲ.

ಮಳೆ ಒಂದು ಸಮಸ್ಯೆ. ನಡಿಗೆಯ ಮೊದಲ ದಿನ ಅವನು ಕರಿಕೊಡೆ ಹಿಡಿದು ಬಂದ. ಕಾಲೇಜಿನ ಗೇಟಿನಲ್ಲಿ ಮೀಟರು ಹಿಡಿದೆ: ಕೊಡೆಯ ಹೊರಗೆ 4,800, ಅಡಿಯಲ್ಲಿ 1,100. ಮುಕ್ಕಾಲು ಪಾಲು ಬೆಳಕನ್ನು ಕೊಡೆಯೇ ಕುಡಿದಿತ್ತು. ತೋಟದಲ್ಲಿ ಯಾರೂ ಕೊಡೆ ಹಿಡಿದು ಕೆಲಸ ಮಾಡುವುದಿಲ್ಲ, ತಲೆಯಿಂದ ಬೆನ್ನಿಗೆ ಹೊದೆಯುವ ಕೊಪ್ಪೆ ಹಾಕುತ್ತಾರೆ. ಊರಿನಿಂದ ಪ್ಲಾಸ್ಟಿಕ್ ಕೊಪ್ಪೆ ತರಿಸು ಎಂದೆ. ಪೇಟೆಯ ಹುಡುಗರ ನಡುವೆ ಕೊಪ್ಪೆ ಹಾಕಿಕೊಂಡು ಬರಲು ಹದಿನಾರರ ಹುಡುಗ ಒಪ್ಪುತ್ತಾನೆಯೇ? ರೇನ್‌ಕೋಟು ಕೊಂಡ. ಮುಖ ತೆರೆದಿರುತ್ತದೆ, ಸಾಕು.

ಆದದ್ದು

ಮೊದಲ ವಾರ ಏನೂ ಆಗಲಿಲ್ಲ. ನಿದ್ದೆ 1.40ಕ್ಕೆ. "ನಿಮ್ಮ ಸೂರ್ಯ ಕೆಲಸ ಮಾಡುತ್ತಿಲ್ಲ ಮೇಡಂ" ಎಂದು ಬರೆದಿದ್ದ. ಎರಡನೆಯ ವಾರದ ಸರಾಸರಿ 12.50. ನಾಲ್ಕನೆಯ ವಾರ 11.45ಕ್ಕೆ ನಿದ್ದೆ, 6.45ಕ್ಕೆ ಎಚ್ಚರ, ಮೂರು ದಿನ ಅಲಾರಂಗಿಂತ ಮೊದಲೇ. ಪುಸ್ತಕದಲ್ಲಿ ಮುಲ್ಲಯ್ಯನಗಿರಿ ಕಾಣಿಸಿದ ದಿನಗಳಿಗೆ ಒಂದು ಪುಟ್ಟ ತ್ರಿಕೋನ ಗುರುತು ಹಾಕತೊಡಗಿದ್ದ, ನಾನು ಹೇಳದೆಯೇ.

ಒಟ್ಟು ನಿದ್ದೆ ಏಳು ಗಂಟೆ. ಬೇಕಾದ ಎಂಟಕ್ಕೆ ಇನ್ನೂ ಒಂದು ಗಂಟೆ ಕೊರತೆ, ಭಾನುವಾರ ಎಂಟೂಕಾಲರವರೆಗೆ ಮಲಗುತ್ತಿದ್ದುದೇ ಅದಕ್ಕೆ ಸಾಕ್ಷಿ. ರಾತ್ರಿ ಹತ್ತಕ್ಕೇ ಬರಬೇಕೆಂದು ತಂದೆ ಕೇಳುತ್ತಿದ್ದ ನಿದ್ದೆಯಂತೂ ಬರಲಿಲ್ಲ. ಸೆಪ್ಟೆಂಬರ್ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕ ಏರಿತು, ಗಣಿತದ್ದು ಇದ್ದಲ್ಲೇ ಇತ್ತು. ಜೀವಶಾಸ್ತ್ರದಲ್ಲಿ ಇಳಿಯಿತು, ಇದನ್ನು ನಾನು ಬರೆಯದಿದ್ದರೆ ಅವನು ಬಿಡುವುದಿಲ್ಲ.

ಇಷ್ಟೆಲ್ಲ ಬದಲಾವಣೆ ಒಟ್ಟಿಗೆ ಮಾಡಿದ ಮೇಲೆ ಫಲ ಯಾವುದರದ್ದು? ವಿಜ್ಞಾನದ ಮೇಷ್ಟರಾಗಿ ಇದನ್ನು ಕೇಳಿಕೊಳ್ಳದೆ ವಿಧಿಯಿಲ್ಲ. ಕಾಫಿ ನಿಂತದ್ದರಿಂದಲೇ ಅರ್ಧ ಆಗಿರಬಹುದು. ಸಂಜೆಯ ನಿದ್ದೆ ಮೊಟಕಾದದ್ದು ಸಣ್ಣ ಸಂಗತಿಯಲ್ಲ. ಬಿಡಿಬಿಡಿಯಾಗಿ ಪ್ರಯೋಗ ಮಾಡಲು ಹುಡುಗ ಇಲಿಯಲ್ಲ, ಪರೀಕ್ಷೆಯೂ ಕಾಯುವುದಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ತಾನಾಗಿ ಒಂದು ಪರೀಕ್ಷೆ ಒದಗಿತು. ನೆಗಡಿ ಬಂದು ಐದು ದಿನ ನಡಿಗೆ ನಿಂತಿತು, ಚಿಕ್ಕಪ್ಪ ಸ್ಕೂಟರಿನಲ್ಲಿ ಹೆಲ್ಮೆಟ್ ಹಾಕಿಸಿ ಬಿಟ್ಟುಬರುತ್ತಿದ್ದರು. ಕಾಫಿ, ದೀಪ, ಮೊಬೈಲು, ಏಳುವ ಹೊತ್ತು ಯಾವುದೂ ಬದಲಾಗಲಿಲ್ಲ. ಐದನೆಯ ರಾತ್ರಿ ನಿದ್ದೆ ಬಂದದ್ದು 12.30ಕ್ಕೆ. ನೆಗಡಿಯ ಮೂಗೂ ಕಾರಣವಿರಬಹುದು. ನಡಿಗೆ ಮತ್ತೆ ಶುರುವಾದ ವಾರದಲ್ಲಿ ನಿದ್ದೆ ಹಿಂದಿನ ಜಾಗಕ್ಕೆ ಬಂತು.

ದಸರಾ ರಜೆಯಲ್ಲಿ ತೋಟಕ್ಕೆ ಹೋದ. ಪುಸ್ತಕ ಬರೆಯಬೇಡ ಎಂದಿದ್ದೆ, ಬರೆದಿದ್ದ. ಆರನೆಯ ದಿನದಿಂದ ಹತ್ತೂವರೆಗೆ ನಿದ್ದೆ, ಆರಕ್ಕೆ ಎಚ್ಚರ. ಹಗಲೆಲ್ಲ ಅಪ್ಪನೊಂದಿಗೆ ತೋಟದಲ್ಲಿ, ರಾತ್ರಿ ಎಂಟಕ್ಕೆ ಕರೆಂಟು ಹೋದರೆ ಬಂದರೆ ಬಂತು. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನೆನಪಾಯಿತು: ಎಂಟು ಜನರನ್ನು ಒಂದು ವಾರ ವಿದ್ಯುತ್ ದೀಪವಿಲ್ಲದೆ ರಾಕಿ ಬೆಟ್ಟಗಳಲ್ಲಿ ಡೇರೆ ಹಾಕಿಸಿ ಇರಿಸಿದಾಗ ಅವರ ದೇಹದಲ್ಲಿ ರಾತ್ರಿಯ ಹಾರ್ಮೋನು ಮೆಲಟೋನಿನ್ ಏರುವ ಹೊತ್ತು ಸುಮಾರು ಎರಡು ಗಂಟೆ ಬೇಗಕ್ಕೆ ಬಂದಿತ್ತು. ನಮ್ಮ ಹುಡುಗನಿಗೆ ಅದಕ್ಕಾಗಿ ಡೇರೆ ಬೇಕಾಗಲಿಲ್ಲ, ಮನೆಗೆ ಹೋದದ್ದೇ ಸಾಕಾಯಿತು. "ಪೇಟೆಗೆ ಕಳಿಸಿದ್ದೇ ತಪ್ಪಾಯಿತೇ ಮೇಡಂ?" ಎಂದು ತಂದೆ ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕೋಣೆಯ ವಿಷಯ ಮಾತ್ರ ಮತ್ತೆ ಎತ್ತಿದೆ. ಚಿಕ್ಕಮ್ಮ ಜಗಲಿಯ ಒಂದು ಮೂಲೆಗೆ ಗಾಜಿನ ಬಾಗಿಲು ಹಾಕಿಸಿ ಅವನ ಮೇಜನ್ನು ಅಲ್ಲಿಗೆ ಸಾಗಿಸಿದರು. ಕತ್ತಲ ಕೋಣೆ ಈಗ ಮಲಗುವುದಕ್ಕೆ ಮಾತ್ರ, ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕೋಣೆ ಇಲ್ಲ.

ದೀಪಾವಳಿಯ ನಾಲ್ಕು ರಾತ್ರಿ ಎಲ್ಲ ಕೆಟ್ಟಿತು, ಮುಂದಿನ ವಾರ ಸರಿಹೋಯಿತು. ನನ್ನ ತರಗತಿಯ ನೀಲಿ ಪರದೆಗಳನ್ನು ಈಗ ವೀಡಿಯೊ ತೋರಿಸುವ ಹತ್ತು ನಿಮಿಷ ಮಾತ್ರ ಎಳೆಯುತ್ತೇವೆ, ಉಳಿದ ಹೊತ್ತು ಕಪ್ಪುಹಲಗೆಯೇ.

ಡಿಸೆಂಬರಿನಲ್ಲಿ ಪುಸ್ತಕದ ನಲವತ್ತು ಪುಟ ಮುಗಿದವು. ಕೊನೆಯ ಪುಟಗಳಲ್ಲಿ ಒಂದು ವಿಚಿತ್ರ ಕಂಡಿತು: ವಾರಕ್ಕೆ ಮೂರು ನಾಲ್ಕು ರಾತ್ರಿ, ಹನ್ನೊಂದೂಕಾಲಕ್ಕೆ ಕಣ್ಣು ಹತ್ತಿ ಹನ್ನೊಂದೂವರೆಗೆ ಎಚ್ಚರ. ಏನಿದು ಎಂದು ಕೇಳಿದರೆ ಹುಡುಗ ನಕ್ಕ. ಕಾಫಿ ಕೊಯ್ಲಿನ ಲೆಕ್ಕ ಬರೆದು ಮುಗಿಸಿದ ಮೇಲೆ, ಮಗ ಮಲಗಿದನೋ ಇಲ್ಲವೋ ಎಂದು ತಿಳಿಯಲು ತಂದೆ ಅವನ ಮೊಬೈಲಿಗೇ ಫೋನು ಮಾಡುತ್ತಿದ್ದರಂತೆ, ಹಾಲ್‌ನಲ್ಲಿದ್ದ ಅದರ ರಿಂಗು ಕೋಣೆಯವರೆಗೂ ಕೇಳುತ್ತಿತ್ತು. ತಂದೆಗೆ ಹೇಳಿದೆ. ಈಗ ಅವರು ನಾದಿನಿಯ ಫೋನಿಗೆ ಮಾಡುತ್ತಾರೆ. "ಮಲಗಿದ್ದಾನೆ ಭಾವ, ನೀವೂ ಮಲಗಿ" ಎಂದು ಹೇಳಿ ಅವರು ಫೋನಿಡುತ್ತಾರೆ.